ಉಸುಕಿನ ಶಾಲೆಗೆ ಪಾಟಿ ತರಿಸಿದ್ದು

ನಾನು ಮಾಸ್ತರನಾಗಬೇಕು ಅಂತ ಮೊದಲು ಅನ್ನಿಸಿದ್ದು ಒಂದು ಕುರ್ಚಿ ನೋಡಿ. ಇದನ್ನು ಹೇಳಲಿಕ್ಕೆ ಈಗ ನನಗೆ ನಾಚಿಕೆ ಏನಿಲ್ಲ. ಆಳಂದದ ಮಿಡ್ಲ ಶಾಲೆಯಲ್ಲಿ ನಮಗೆ ಹಿಸಾಬು ಕಲಿಸುತ್ತಿದ್ದ ಉಸ್ತಾದರಿಗೆ ಬೆತ್ತ ಹೆಣೆದ ಕುರ್ಚಿ ಇತ್ತು. ಅವರು ಬಂದು ಕೂಡುವ ತನಕ ನಾವೆಲ್ಲ ನಿಂತಿರಬೇಕು. ಅವರು ಶೇರವಾನಿಯ ಮೇಲಿನ ಗುಂಡಿ ಬಿಚ್ಚಿ, ನಿಧಾನ ಕೂತು, ಕೈ ಸನ್ನೆ ಮಾಡಿದರೆ ಇಡೀ ವರ್ಗ ಒಂದೇ ಸಪ್ಪಳಕ್ಕೆ ಕೂಡುತ್ತಿತ್ತು. ನಮ್ಮಪ್ಪ ಪಿಂಜಾರ. ಊರೂರು ತಿರುಗಿ, ಮಂದಿಯ ಅಂಗಳದಲ್ಲಿ ಅರಳೆ ಹಿಂಜಿ ಗಾದಿ ತುಂಬುವವನು. ಅವನು ತುಂಬಿದ ಗಾದಿಯ ಮೇಲೆ ಮಲಗುವ ಮನೆಗಳಲ್ಲಿ ಅವನಿಗೆ ಯಾರಾದರೂ ಕೂಡ್ರು ಅಂದದ್ದನ್ನು ನಾನು ಕೇಳಿರಲಿಲ್ಲ. ಅಂಥವನ ಮಗನ ಕಣ್ಣು ಆ ಕುರ್ಚಿಯ ಮೇಲೆ ಬಿದ್ದರೆ ತಪ್ಪೇನು?

ಇದು ಎರಡನೆಯ ಮಹಾಯುದ್ಧ ಶುರುವಾಗುವ ಮೊದಲಿನ ಮಾತು, ನಿಜಾಮರ ಕಾಲ. ನಮ್ಮ ಊರು ಹಿರೋಳ್ಳಿಯಿಂದ ಎರಡು ಹರದಾರಿ ಈಚೆ. ಮನೆಯಲ್ಲಿ ಅಜ್ಜಿ ದಖನಿ ಮಾತಿನಲ್ಲಿ ಬೈಯುತ್ತಿದ್ದಳು, ಕನ್ನಡದಲ್ಲಿ ಸಮಾಧಾನ ಮಾಡುತ್ತಿದ್ದಳು. ಸಂತೆಗೆ ಹೋದರೆ ಮರಾಠಿ, ಕಚೇರಿಗೆ ಹೋದರೆ ಉರ್ದು. ಮಾತು ನನಗೆ ಹೀಗೆ ಹಿರಿಯರ ಬಾಯಿಂದ ಬಂತು. ಅಕ್ಷರ ಬಂದದ್ದು ಮಾತ್ರ ಮಠದ ಪಡಸಾಲೆಯಲ್ಲಿ, ಅಯ್ಯನವರ ಹತ್ತಿರ. ಸರ್ಕಾರದ ಶಾಲೆ ಆಳಂದದಲ್ಲಿತ್ತು, ಅದೂ ಉರ್ದುವಿನದು. ಹಳ್ಳಿಯ ಮಕ್ಕಳಿಗೆ ಕನ್ನಡ ಬೇಕಾದರೆ ಮಠದ ಅಯ್ಯನವರೇ ಗತಿ. ನೆಲದ ಮೇಲೆ ತೆಳ್ಳಗೆ ಉಸುಕು ಹರವಿ, ನಮ್ಮ ತೋರುಬೆರಳನ್ನು ತಮ್ಮ ಕೈಯಲ್ಲಿ ಹಿಡಿದು ಅವರು ತಿದ್ದಿಸುತ್ತಿದ್ದರು. ಪಿಂಜಾರನ ಮಗನ ಬೆರಳು ಅಂತ ಅವರು ಹಿಡಿಯುವುದು ಬಿಡಲಿಲ್ಲ. ಅದಕ್ಕೆ ನಮ್ಮಪ್ಪ ಪ್ರತಿ ವರ್ಷ ಮಠಕ್ಕೆ ಒಂದು ತಲೆದಿಂಬು ತುಂಬಿ ಕೊಡುತ್ತಿದ್ದ.

ಮಿಡ್ಲ ಪಾಸಾಗಿ ನಾನು ಊರಿಗೆ ಬಂದ ವರ್ಷ ಒಂದು ದಿನ ಗೌಡರು ನಮ್ಮಪ್ಪನನ್ನೂ ನನ್ನನ್ನೂ ಕರೆಸಿದರು.

"ಮಠದಂಥ ಖಾನಗಿ ಶಾಲಿಗೆಲ್ಲ ಈಗ ಸರ್ಕಾರದ ಪರವಾನಗಿ ಬೇಕಂತ" ಅಂದರು. "ದೀಪಾವಳಿ ಕಳದ ಮ್ಯಾಲೆ ತಾಲೀಮ ಖಾತೆ ಸಾಹೇಬರು ಶಾಲಿ ನೋಡಾಕ ಬರ್ತಾರ. ಅಯ್ಯನೋರಿಗಿ ವಯಸ್ಸಾತು. ನಿನ್ನ ಮಗಗ ಉರ್ದುನೂ ಬರ್ತದ, ಕನ್ನಡನೂ ಬರ್ತದ. ಅಲ್ಲಿತನಕ ಅವರ ಕೈಕೆಳಗ ಇರಲಿ. ಸಾಹೇಬರು ಒಪ್ಪಿದ್ರ ಮಾಸ್ತರಿಕಿ ಇವನದೇ."

"ಆಮ್ಯಾಲೆ ಅಯ್ಯನೋರು, ಗೌಡ್ರ?" ಅಂತ ನಮ್ಮಪ್ಪ ಕೇಳಿದ.

"ಅವರು ಮಠದಾಗ ಇರ್ತಾರ. ಮಠ ಎಲ್ಲಿ ಹೋಗ್ತದ?"

ತಿರುಗಿ ಬರುವಾಗ ಬಾವಿಯ ಹತ್ತಿರ ಅಪ್ಪ ಅಂದ, "ಲೇ, ತಹಸೀಲ ಕಚೇರಿಯೊಳಗ ಮುನ್ಶಿ ಆಗಬಹುದು ನೀ. ಕೂತಲ್ಲಿಗೇ ಸಲಾಂ ಬರ್ತದ."

"ನನಗ ಮಾಸ್ತರ ಆಗೋದದ, ಅಬ್ಬಾ."

"ಯಾಕ?"

"ಹುಡುಗರಿಗಿ ಬುದ್ಧಿ ಕಲಸಬೇಕಂತ."

"ಮೊದಲ ನಿಮ್ಮ ಅಜ್ಜಿಗಿ ಕೇಳು, ಬುದ್ಧಿ ನಿನ್ನ ಬಲ್ಲಿ ಅದನೋ ಇಲ್ಲೋ" ಅಂದು ಅವನು ನಕ್ಕ. ನಾನು ನಗಲಿಲ್ಲ. ನನಗೆ ಆ ಕೆಲಸ ಎಷ್ಟು ಬೇಕಾಗಿತ್ತೆಂದರೆ, ಅಯ್ಯನವರ ಜಾಗ ಖಾಲಿಯಾದರೆ ಮಾತ್ರ ನನಗೆ ಜಾಗ ಅನ್ನುವ ಮಾತು ನನ್ನನ್ನು ಚುಚ್ಚಲೇ ಇಲ್ಲ.

ಶಾಲೆ ಹೇಗಿರಬೇಕು ಅಂತ ನಾನಾಗಲೇ ಯೋಚನೆ ಮಾಡಿಟ್ಟಿದ್ದೆ. ಮಕ್ಕಳು ಸಾಲಾಗಿ ಕೂಡಬೇಕು. ಒಬ್ಬರು ಓದುವಾಗ ಉಳಿದವರು ಗುಣುಗುಟ್ಟಬಾರದು. ಎಲ್ಲಕ್ಕಿಂತ ಮೊದಲು ಆ ಉಸುಕು ಹೋಗಬೇಕು. ಆಳಂದದಲ್ಲಿ ಎಲ್ಲರ ಕೈಯಲ್ಲಿ ಬಳಪದಿಂದ ಬರೆಯುವ ಕಲ್ಲಿನ ಪಾಟಿ ಇತ್ತು. ನಮ್ಮೂರಿನ ಮಕ್ಕಳು ಮಾತ್ರ ಹುಂಜ ಕೆದರಿದ ಹಾಗೆ ನೆಲ ಕೆದರುತ್ತಿದ್ದರು.

ಮೊದಲ ಕೆಲವು ದಿನ ಮೂಲೆಯಲ್ಲಿ ಕೂತು ನೋಡಿದೆ. ಪಡಸಾಲೆಯ ಒಳಗೆ ಹದಿನೈದು ಮಕ್ಕಳು. ಹೊಸ್ತಿಲ ಆಚೆ, ಬೇವಿನ ಗಿಡದ ಕೆಳಗೆ, ಊರ ಹೊರಗಿನ ಕೇರಿಯ ಮೂವರು ಹುಡುಗರು. ಅವರು ಒಳಗೆ ಬರುವ ಹಾಗಿರಲಿಲ್ಲ, ನಾನು ಕಲಿಯುವಾಗಲೂ ಆ ಕೇರಿಯವರು ಅಲ್ಲೇ ಕೂಡುತ್ತಿದ್ದರು. ಆಗ ಅಯ್ಯನವರು ಹೊಸ್ತಿಲ ಒಳಗೆ ನಿಂತು, ಉದ್ದನೆಯ ಬೆತ್ತ ಚಾಚಿ, ಅವರ ಉಸುಕಿನಲ್ಲಿ ತಪ್ಪು ತೋರಿಸುತ್ತಿದ್ದರು.

ಈಗ ರೀತಿ ಬೇರೆಯಾಗಿತ್ತು. ಮಕ್ಕಳು ಬರೆಯುವಾಗ ತಾವು ಬರೆಯುವ ಅಕ್ಷರವನ್ನು ದೊಡ್ಡ ದನಿಯಲ್ಲಿ ಹೇಳುತ್ತಿದ್ದರು. ಅಯ್ಯನವರು ಸಾಲಿನ ಉದ್ದಕ್ಕೂ ಒಬ್ಬೊಬ್ಬರ ಮುಂದೆ ಕುಕ್ಕರಗಾಲಲ್ಲಿ ಕೂತು, ಉಸುಕಿನ ಗೆರೆಯಲ್ಲಿ ಮೆಲ್ಲಗೆ ಬೆರಳು ಆಡಿಸಿ, "ಇಲ್ಲಿ ಕೊಂಡಿ ಸಣ್ಣದಾತು ನೋಡು" ಅಂದು, ಅಂಗೈಯಿಂದ ಉಸುಕು ಸಮ ಮಾಡಿ ಮುಂದಿನವನ ಹತ್ತಿರ ಸರಿಯುತ್ತಿದ್ದರು. ಒಳಗಿನವರು ಮುಗಿದ ಮೇಲೆ ಬಾಗಿಲ ಕಂಬ ಹಿಡಿದು ಹೊರಗೆ ಇಳಿಯುತ್ತಿದ್ದರು. ಬೇವಿನ ಕೆಳಗೆ ಆ ಮೂವರ ಮಗ್ಗುಲಲ್ಲೂ ಹಾಗೇ ಕೂತು, ಹಾಗೇ ಬೆರಳು ಆಡಿಸಿ, ತಿರುಗಿ ಬರುವಾಗ ಬಾಗಿಲಲ್ಲಿಟ್ಟ ಗಡಿಗೆಯ ನೀರಿನಿಂದ ಕೈ ತೊಳೆದುಕೊಳ್ಳುತ್ತಿದ್ದರು. ಕೈ ತೊಳೆಯುತ್ತಾರಲ್ಲ ಅಂತ ಊರವರು ಏನೂ ಅನ್ನುತ್ತಿರಲಿಲ್ಲ. ಮುಪ್ಪಿಗೆ ಮೈ ಸಡಿಲಾದ ಹಾಗೆ ಮಡಿಯೂ ಸಡಿಲಾಗಿದೆ ಅಂತ ನಾನು ತಿಳಿದೆ. ಕೈಯಿಂದ ಮುಟ್ಟಿ ಮುಟ್ಟಿ ನೋಡುವ ಆ ರೀತಿ ನನಗೆ ಬಹಳ ಹಳೆಯದು ಅನ್ನಿಸಿತು. ಸಾಹೇಬರು ಇದನ್ನು ನೋಡಿದರೆ ನಮ್ಮ ಮುಖಕ್ಕೆ ನಗುತ್ತಾರೆ ಅನ್ನಿಸಿತು.

ಗೌಡರಿಗೆ ಹೇಳಿದೆ. ಅವರಿಗೂ ಹೌದೆನ್ನಿಸಿತು. ಆಳಂದಕ್ಕೆ ಹೋದ ಬಂಡಿಯಲ್ಲಿ ಹದಿನೆಂಟು ಪಾಟಿ, ಒಂದು ಪೊಟ್ಟಣ ಬಳಪ ಬಂದವು. ಹೊರಗಿನ ಮೂವರಿಗೂ ಸೇರಿಸಿಯೇ ಎಣಿಸಿ ತರಿಸಿದ್ದೆ. ಅದರ ಬಗ್ಗೆ ನನಗೆ ಸಣ್ಣ ಹೆಮ್ಮೆಯೂ ಇತ್ತು. ಸೋಮವಾರ ಬೆಳಿಗ್ಗೆ ನಾನೇ ಕಸಬರಿಗೆ ಹಿಡಿದು ಪಡಸಾಲೆಯ ಉಸುಕನ್ನೆಲ್ಲ ಗುಡಿಸಿ ಆಚೆ ಚೆಲ್ಲಿದೆ.

ಅಯ್ಯನವರು ತಮ್ಮ ಕಂಬಳಿಯ ಮೇಲೆ ಕೂತಿದ್ದರು. ಅವರ ಕೈಗೆ ಒಂದು ಪಾಟಿ ಕೊಟ್ಟೆ. ಅವರು ಅದರ ಕಟ್ಟಿಗೆಯ ಅಂಚನ್ನು ಸುತ್ತಲೂ ಮುಟ್ಟಿದರು. ನಡುವೆ ಅಂಗೈ ಇಟ್ಟರು.

"ನುಣ್ಣಗ ಅದ" ಅಂದರು.

"ಹೌದ್ರಿ ಅಯ್ಯನೋರ. ಒರಸಿದ್ರ ಹೋಗ್ತದ್ರಿ."

"ಹೂಂ. ಹೋಗ್ತದ."

ಮೂರು ದಿನ ಅವರು ಸಾಲಿನ ಕಡೆ ಎದ್ದು ಬರಲಿಲ್ಲ. "ನೀನೇ ನೋಡು" ಅಂದರು. ಶಾಲೆಯನ್ನು ನನಗೆ ಒಪ್ಪಿಸಿದರು ಅಂತ ನಾನು ಹಿಗ್ಗಿದೆ. ಮಕ್ಕಳು ಮಾತ್ರ ಯಾಕೋ ಮಂಕಾಗಿದ್ದರು. ದನಿ ಎತ್ತಿ ಹೇಳಬೇಡಿ ಅಂತ ನಾನೇ ಅಂದಿದ್ದೆ, ಆದರೆ ಇಷ್ಟು ಸುಮ್ಮನಾಗುತ್ತಾರೆ ಅಂತ ತಿಳಿದಿರಲಿಲ್ಲ.

ನಾಲ್ಕನೆಯ ದಿನ ಅಯ್ಯನವರು ಎಲ್ಲರಿಗಿಂತ ಸಣ್ಣ ಹುಡುಗಿಯೊಬ್ಬಳನ್ನು ಕರೆದರು. ಅವಳು ಪಾಟಿ ಒಯ್ದು ತೊಡೆಯ ಮೇಲೆ ಇಟ್ಟಳು. ಅಯ್ಯನವರು ಬೆರಳು ಆಡಿಸಿದರು. ಮೇಲಿನಿಂದ ಕೆಳಕ್ಕೆ, ಎಡದಿಂದ ಬಲಕ್ಕೆ, ಏನೋ ಕಳೆದುಕೊಂಡವರ ಹಾಗೆ. ಬಳಪದ ಗೆರೆ ಅವರ ಬೆರಳಿಗೆ ಹತ್ತಿ ಅಕ್ಷರವೆಲ್ಲ ಅಳಿಸಿಹೋಯಿತು.

"ಚೊಲೊ ಬರ್ದಿ" ಅಂದರು. "ಕೊಂಡಿ ಒಂಚೂರು ದೊಡ್ಡದು ಮಾಡು."

ಹುಡುಗಿ ಖಾಲಿ ಪಾಟಿ ನೋಡಿದಳು. "ಹೂಂನ್ರಿ" ಅಂದು ಬಂದು ತನ್ನ ಜಾಗದಲ್ಲಿ ಕೂತಳು. ಒಬ್ಬ ಹುಡುಗನೂ ನಗಲಿಲ್ಲ.

ಗೌಡರ ಮೊಮ್ಮಗ ಅಲ್ಲೇ ಓದುತ್ತಿದ್ದ. ಹತ್ತು ವರ್ಷದವನು, ಬಾಯಿ ಜೋರು. ಅವನು ನನ್ನ ಹತ್ತಿರ ಸರಿದು ಪಿಸುಮಾತಿನಲ್ಲಿ ಅಂದ, "ಮಾಸ್ತರ, ಅಯ್ಯನೋರಿಗಿ ಪಾಟಿ ಕಾಣಂಗಿಲ್ರಿ."

"ಕಾಣಂಗಿಲ್ಲ ಅಂದ್ರ?"

"ಉಸುಕೂ ಕಾಣ್ತಿದ್ದಿಲ್ರಿ. ಮುಟ್ಟಿದ್ರ ತಿಳೀತಿತ್ತು."

"ಯಾವಾಗಿಂದ?"

"ಹೋದ ವರ್ಷದ ದೀಪಾವಳಿಯಿಂದ."

"ಯಾರ್ಯಾರಿಗಿ ಗೊತ್ತದ?"

"ನಮಗೆಲ್ಲರಿಗೂ ಗೊತ್ತದ್ರಿ. ನಿಮಗ ಗೊತ್ತಿದ್ದಿಲ್ಲೇನ್ರಿ? ನೀವು ಮಿಡ್ಲ ಪಾಸಾಗೀರಿ."

ಒಂದು ವರ್ಷದಿಂದ ಹದಿನೆಂಟು ಮಕ್ಕಳು ಇದರ ಬಗ್ಗೆ ಬಾಯಿ ಬಿಟ್ಟಿರಲಿಲ್ಲ. ಮನೆಯಲ್ಲಿ ಹೇಳಿದರೆ ಅಯ್ಯನವರನ್ನು ಬಿಡಿಸುತ್ತಾರೆ ಅಂತ ಅವರಿಗೆ ಗೊತ್ತಿತ್ತು. ಗೌಡರ ಮೊಮ್ಮಗ ಅದೇ ಮನೆಯಲ್ಲಿ ಉಂಡು ಮಲಗಿ ಎದ್ದು ಬರುತ್ತಿದ್ದವನು, ಅವನೂ ಹೇಳಿರಲಿಲ್ಲ. ಹೊರಗಿನವರು ಯಾರಾದರೂ ಪಡಸಾಲೆಗೆ ಬಂದರೆ "ಶರಣ್ರಿ ಗೌಡ್ರ" ಅಂತಲೋ "ಶರಣ್ರಿ ಪಿಂಜಾರ ಕಾಕಾ" ಅಂತಲೋ ಎಲ್ಲರೂ ಗಟ್ಟಿಯಾಗಿ ಅನ್ನುತ್ತಿದ್ದರಂತೆ, ಬಂದವರು ಯಾರು ಅಂತ ಅಯ್ಯನವರಿಗೆ ತಿಳಿಯಲಿ ಅಂತ. ಅಕ್ಷರವನ್ನು ಬಾಯಿಬಿಟ್ಟು ಹೇಳಿ ಬರೆಯುತ್ತಿದ್ದದ್ದೂ ಅದಕ್ಕೇ. ನಾನು ಅದನ್ನು ಗದ್ದಲ ಅಂದುಕೊಂಡು ನಿಲ್ಲಿಸಿದ್ದೆ.

ಮಕ್ಕಳು ಊಟಕ್ಕೆ ಹೋದ ಮೇಲೆ ಅಯ್ಯನವರ ಮುಂದೆ ಹೋಗಿ ಕೂತೆ.

"ಹೇಳು" ಅಂದರು. "ಉಸುರಾಟ ಕೇಳಾಕತ್ತದ. ಏನೋ ಹೇಳಾಕ ಬಂದೀದಿ."

"ನನಗ್ಯಾಕ ಹೇಳಲಿಲ್ರಿ ಅಯ್ಯನೋರ?"

"ನೀ ಬಂದ ದಿನದಿಂದ ನೀನೇ ಹೇಳಾಕತ್ತಿದ್ದಿ. ನನ್ನ ಸರತಿ ಬರಲಿಲ್ಲ." ಸಿಟ್ಟು ಇರಲಿಲ್ಲ ಆ ದನಿಯಲ್ಲಿ. ಮತ್ತೆ ಅಂದರು, "ಗೌಡಗ ಹೋಗಿ ಹೇಳಿದ್ರ ಇವತ್ತೇ ಮಾಸ್ತರಿಕಿ ನಿಂದು. ಸಾಹೇಬರ ಹಾದಿ ಕಾಯೋದು ಬೇಕಾಗಿಲ್ಲ."

ಅದು ನಿಜವಾಗಿತ್ತು. ಗೌಡರ ಮನೆ ಅಲ್ಲಿಂದ ಮೂವತ್ತು ಹೆಜ್ಜೆ. ನಾನು ಏಳಲಿಲ್ಲ. ಒಳ್ಳೆಯವನಾಗಿ ಏಳಲಿಲ್ಲ ಅಂತ ಹೇಳಲಾರೆ.

"ಒಂದು ಮಾತು ಕೇಳು" ಅಂದರು ಅಯ್ಯನವರು. "ಕಣ್ಣಿದ್ದಾಗ ಮೂವತ್ತು ವರ್ಷ ಆ ಹೊಸ್ತಿಲ ದಾಟಲಿಲ್ಲ ನಾ. ಬೆತ್ತ ಚಾಚಿ ತೋರಿಸ್ತಿದ್ದೆ. ಅಲ್ಲಿ ಕೂತ ಹುಡುಗರ ಮುಖ ಹೆಂಗದ ಅಂತನೂ ಸರಿಯಾಗಿ ನೋಡಿದ್ದಿಲ್ಲ. ಕಣ್ಣು ಹೋದ ಮ್ಯಾಲೆ ಮುಟ್ಟಲಾರದೆ ತಿಳಿವಲ್ಲದು. ದಾಟಿದೆ. ಅಲ್ಲೊಬ್ಬ ಇದ್ದಾನ, ದೊಡ್ಡವ. ಅವನ ಅಕ್ಷರ ಎಂಥ ದುಂಡಗ ಅದ ಗೊತ್ತೇನು ನಿನಗ? ಅವರಪ್ಪಗೂ ನಾನೇ ಕಲಿಸೀನಿ. ಅವನದೂ ಹಂಗೇ ಇತ್ತೋ ಏನೋ. ಬೆತ್ತಕ್ಕ ಏನ ತಿಳೀತದ."

"ಕೈ ತೊಳಕೋತೀರಲ್ರಿ" ಅಂದೆ. ಯಾಕೆ ಅಂದೆನೋ ಗೊತ್ತಿಲ್ಲ.

"ತೊಳಕೋತೀನಿ. ಮಂದಿ ಸಲುವಾಗಿ. ಅದೊಂದು ನನ್ನ ಬಲ್ಲಿ ಉಳದದ, ಅದನ್ನ ಬಿಡಾಕ ನನಗ ಧೈರ್ಯ ಸಾಲವಲ್ಲದು." ಆಮೇಲೆ ನನ್ನ ಕಡೆ ಮುಖ ತಿರುಗಿಸಿದರು. "ನೀ ಯಾಕ ಮಾಸ್ತರ ಆಗ್ತಿ, ತಮ್ಮಾ?"

ಅಪ್ಪನಿಗೆ ಕೊಟ್ಟ ಉತ್ತರ ಬಾಯಿಗೆ ಬಂತು. ಹೇಳಲು ಆಗಲಿಲ್ಲ. "ಗೊತ್ತಿಲ್ರಿ" ಅಂದೆ.

"ಹಂಗಾದ್ರ ಕಲೀತಿ" ಅಂದರು.

ಮರುದಿನ ನಾನೂ ಮಕ್ಕಳೂ ಹಳ್ಳಕ್ಕೆ ಹೋಗಿ ಬುಟ್ಟಿಯಲ್ಲಿ ಉಸುಕು ತಂದೆವು. ಚೆಲ್ಲಿದ ಉಸುಕಿನಲ್ಲಿ ಕಸ ಕೂಡಿತ್ತು. ಪಾಟಿ ಕಟ್ಟಿ ಅಟ್ಟಕ್ಕೆ ಹಾಕುತ್ತೇನೆ ಅಂದರೆ ಅಯ್ಯನವರು ಬೇಡ ಅಂದರು. "ದೊಡ್ಡವರಿಗಿ ಪಾಟಿ ಇರಲಿ, ಅದನ್ನ ನೀ ನೋಡು. ಸಣ್ಣವರಿಗಿ, ಹೊರಗಿನ ಮೂವರಿಗೂ ಉಸುಕು, ಅದನ್ನ ನಾ ನೋಡ್ತೀನಿ. ಸಾಹೇಬರು ಕೇಳಿದ್ರ ಸುಳ್ಳು ಹೇಳಬ್ಯಾಡ. ಕೇಳಲಿಲ್ಲ ಅಂದ್ರ ನೀನಾಗಿ ಹೇಳಾಕ ಹೋಗಬ್ಯಾಡ." ಮಕ್ಕಳ ದನಿ ಮತ್ತೆ ಎದ್ದಿತು. ಸಾಹೇಬರು ಬರುವ ತನಕದ ಆ ನಾಲ್ಕು ವಾರ ನಾನು ಮಾಸ್ತರನೋ ಮಗುವೋ ನನಗೇ ತಿಳಿಯಲಿಲ್ಲ. ಅಯ್ಯನವರ ಹಿಂದೆ ಹಿಂದೆ ಹೋಗಿ, ಕಣ್ಣು ಮುಚ್ಚಿ, ಅವರು ಮುಟ್ಟಿದ ಅಕ್ಷರ ನಾನೂ ಮುಟ್ಟಿ ನೋಡುತ್ತಿದ್ದೆ. ಕಣ್ಣಿಗೆ ಸರಿ ಕಂಡ ಎಷ್ಟೋ ಅಕ್ಷರ ಬೆರಳಿಗೆ ತಪ್ಪು ಅನ್ನಿಸುತ್ತಿತ್ತು. ಎಲ್ಲಿ ಹುಡುಗ ಅನುಮಾನ ಮಾಡಿ ನಿಂತಿದ್ದ ಅನ್ನುವುದು ಅಲ್ಲಿನ ಕುಳಿಯ ಆಳದಿಂದ ತಿಳಿಯುತ್ತಿತ್ತು.

ಸಾಹೇಬರು ಟಾಂಗಾದಲ್ಲಿ ಬಂದರು. ಸಣ್ಣ ಮೈಯ, ಕೆಮ್ಮುವ ಮನುಷ್ಯ. ಗೌಡರು ಹಾರ ಹಾಕಿದರು. ಸಾಹೇಬರು ಮಗ್ಗಿ ಕೇಳಿದರು, ಓದಿಸಿದರು, ಪಾಟಿ ನೋಡಿದರು, ಉಸುಕನ್ನೂ ನೋಡಿದರು. ನಗಲಿಲ್ಲ. ಮಕ್ಕಳು ಎಲ್ಲೂ ತಪ್ಪಲಿಲ್ಲ. ಕೊನೆಗೆ ಸಾಹೇಬರು ಚೀಲದಿಂದ ಒಂದು ಕನ್ನಡ ಪುಸ್ತಕ ತೆಗೆದು ಅಯ್ಯನವರ ಕೈಗಿಟ್ಟರು. ಹೊಸದಾಗಿ ಬಂದದ್ದು, ಒಂದು ಪುಟ ಓದಿ ಹೇಗಿದೆ ಹೇಳಿ ಅಂದರು. ಅದು ಪರೀಕ್ಷೆಯಲ್ಲ, ಮರ್ಯಾದೆ.

ಗೌಡರ ಮೊಮ್ಮಗ ಎದ್ದು ನಿಂತ. "ನಾ ಓದ್ತೀನ್ರಿ ಸಾಹೇಬ್ರ" ಅಂದ.

"ಕೂಡ್ರು ಲೇ" ಅಂದರು ಅಯ್ಯನವರು ಮೆಲ್ಲಗೆ. ಪುಸ್ತಕ ಎರಡೂ ಕೈಯಲ್ಲಿ ಹಿಡಿದು ಹಣೆಗೆ ಒತ್ತಿ ತಿರುಗಿ ಕೊಟ್ಟರು. "ನನಗ ಕಣ್ಣಿಲ್ರಿ ಸಾಹೇಬ್ರ."

ಗೌಡರ ಮುಖ ನಾನು ನೋಡಲಿಲ್ಲ. ಸಾಹೇಬರು ನನ್ನ ಕಡೆ ತಿರುಗಿ ಉರ್ದುವಿನಲ್ಲಿ, ನಿನಗೆ ಇದು ಗೊತ್ತಿತ್ತೇ ಅಂತ ಕೇಳಿದರು. ಗೊತ್ತಿತ್ತು ಅಂದೆ. ಮತ್ತೆ ಯಾಕೆ ಹೇಳಲಿಲ್ಲ ಅಂದರು. ಮಕ್ಕಳ ಅಕ್ಷರ ತಾವೇ ನೋಡಿದಿರಿ, ಕಲಿಸಿದವರು ಅವರೇ ಅಂದೆ. ಸಾಹೇಬರು ಬಹಳ ಹೊತ್ತು ಕೆಮ್ಮಿದರು. ಆಮೇಲೆ ಪರವಾನಗಿ ಬರೆದರು, ನನ್ನ ಹೆಸರಿಗೆ. ಕಾಗದದ ಮೇಲೆ ಕಣ್ಣಿದ್ದವನ ಹೆಸರೇ ಇರಬೇಕಾಗುತ್ತದೆ ಅಂದರು. ಟಾಂಗಾ ಹತ್ತುವ ಮೊದಲು ಅಯ್ಯನವರ ಕೈ ಹಿಡಿದು ಏನೋ ಅಂದರು, ನನಗೆ ಕೇಳಿಸಲಿಲ್ಲ.

ಹೀಗೆ ನಾನು ಬಯಸಿದ್ದು ನನಗೆ ಸಿಕ್ಕಿತು. ಆ ದಿನ ಅಜ್ಜಿ ಓಣಿಗೆಲ್ಲ ಸಕ್ಕರೆ ಹಂಚಿದಳು. ನನಗೆ ಮಾತ್ರ ಬಾಯಿ ಸಿಹಿ ಆಗಲಿಲ್ಲ.

ಮುಂದೆ ಅಫಜಲಪುರದಲ್ಲಿ, ಜೇವರ್ಗಿಯಲ್ಲಿ, ಇಜೇರಿಯಲ್ಲಿ ಎಷ್ಟೋ ವರ್ಷ ಕಲಿಸಿದ್ದೇನೆ. ಯಾರಾದರೂ ಹೊಸ ಹುಡುಗರು ಮಾಸ್ತರರಾಗುತ್ತೇವೆ ಅಂತ ಬಂದು ಕೂತಾಗ ನನಗೆ ನೆನಪಾಗುವುದು ಸಾಹೇಬರು ಬಂದ ದಿನವಲ್ಲ, ಅದರ ಮರುದಿನ. ಅದನ್ನು ಹೇಳಿಬಿಡುತ್ತೇನೆ.

ಮರುದಿನ ಅಯ್ಯನವರು ಪಡಸಾಲೆಯಲ್ಲೇ ಕಂಬಳಿಯ ಮೇಲೆ ಕೂತಿದ್ದರು, ಆದರೆ ಏಳಲಿಲ್ಲ. ಶಾಲೆ ನನ್ನದು. ಒಳಗಿನ ಮಕ್ಕಳ ಅಕ್ಷರ ನೋಡಿ ಮುಗಿಸಿ ಹೊಸ್ತಿಲಿಗೆ ಬಂದೆ. ಬೇವಿನ ಕೆಳಗಿನ ಮೂವರೂ ಬರೆದು ಕೂತಿದ್ದರು. ತಮ್ಮ ಮಗ್ಗುಲಲ್ಲಿ ಒಬ್ಬರು ಕೂಡುವಷ್ಟು ಜಾಗ ಬಿಟ್ಟಿದ್ದರು. ನನಗೆ ಅಲ್ಲಿಂದಲೇ ಎಲ್ಲ ಕಾಣುತ್ತಿತ್ತು. ಕಣ್ಣು ಚೆನ್ನಾಗಿದ್ದವು. ಬೀದಿಯಲ್ಲಿ ಮಂದಿ ಓಡಾಡುತ್ತಿದ್ದರು. ಪಿಂಜಾರನ ಮಗನಿಗೆ ಮಾಸ್ತರಿಕೆ ಸಿಕ್ಕು ಒಂದು ದಿನವೂ ಆಗಿರಲಿಲ್ಲ.

ಅಲ್ಲೇ ನಿಂತೆ. "ನಿನ್ನದು ಸರಿ ಅದ. ನಿನ್ನದೂ ಸರಿ ಅದ" ಅಂದೆ. ದೊಡ್ಡವನಿಗೆ, "ನಿನ್ನದು ಬಲಕ್ಕ ತಪ್ಪ್ಯಾದ" ಅಂದೆ.

ಅವನು ಉಸುಕು ನೋಡಿದ, ನನ್ನನ್ನು ನೋಡಿದ. ನನಗೆ ಎದುರಾಗಿ ಕೂತಿದ್ದ. "ನನ್ನ ಬಲಕ್ಕೋ, ನಿಮ್ಮ ಬಲಕ್ಕೋ, ಮಾಸ್ತರ?" ಅಂದ. ಕುಚೋದ್ಯವಿರಲಿಲ್ಲ, ಕಲಿಯುವವನ ಪ್ರಶ್ನೆ.

ಒಳಗೆ ಅಯ್ಯನವರು ಕೇಳುತ್ತಿದ್ದರು. ನಾನು ಹಾಗೂ ಹೀಗೂ ಕೈ ಮಾಡಿ ತೋರಿಸಿ ಒಳಗೆ ಬಂದೆ. ಆ ದಿನ ಆ ಹುಡುಗನ ಅಕ್ಷರ ತಪ್ಪಾಗಿಯೇ ಉಳಿಯಿತು.

ಎರಡನೆಯ ದಿನ ಹೊಸ್ತಿಲು ದಾಟಿದೆ. ಅವನ ಮಗ್ಗುಲಲ್ಲಿ ಕೂತು, ಬೆರಳು ಹಿಡಿದು, ಎಲ್ಲಿ ತಪ್ಪಿದೆ ಅಂತ ತೋರಿಸಿದೆ. ಅವನ ಕೈ ಬಿಸಿಲಿಗೆ ಬೆಚ್ಚಗಿತ್ತು. ತಿರುಗಿ ಬರುವಾಗ ಗಡಿಗೆ ಅಲ್ಲೇ ಇತ್ತು. ನಾನು ಕೈ ತೊಳೆಯಲಿಲ್ಲ. ಅದರ ಹಿಂದೆ ದೊಡ್ಡ ವಿಚಾರವಿತ್ತು ಅಂತ ಹೇಳಲಾರೆ. ಆ ಹುಡುಗ ನೋಡುತ್ತಾ ಕೂತಿದ್ದ, ಅಷ್ಟೇ. ಹಾಗೇ ಒಳಗೆ ಬಂದು ಗೌಡರ ಮೊಮ್ಮಗನ ಪಾಟಿ ಕೈಗೆ ತೆಗೆದುಕೊಂಡೆ.

ಮರುದಿನ ನಾಲ್ಕು ಮಕ್ಕಳು ಬರಲಿಲ್ಲ. ಗೌಡರು ದಾರಿಯಲ್ಲಿ ಸಿಕ್ಕಾಗ ಬೈಯಲಿಲ್ಲ. "ಒಂದು ತಂಬಿಗಿ ನೀರಿಗಿ ಬಡತನ ಬಂದಿತ್ತೇನೋ ನಿನಗ?" ಅಂದರು, ಅಷ್ಟೇ ಅಂದು ಹೋದರು. ಅಯ್ಯನವರಿಗೆ ಹೇಳಿದೆ. ಅವರು ತಮ್ಮ ಕಂಬಳಿ ತೆಗೆದು ಬೇವಿನ ಕೆಳಗೆ ಹಾಕು ಅಂದರು. ಮುಂದೆ ಅವರು ಇರುವ ತನಕ ಅಲ್ಲೇ ಕೂತು ಸಣ್ಣವರಿಗೆ ತಿದ್ದಿಸಿದರು. ಒಳಗಿನ ಸಣ್ಣ ಮಕ್ಕಳೂ ಉಸುಕಿಗಾಗಿ ಅಲ್ಲಿಗೇ ಹೋಗಬೇಕಾಯಿತು. ಹೋದರು.

ಬರದ ನಾಲ್ವರಲ್ಲಿ ಇಬ್ಬರು ಶಿವರಾತ್ರಿಯ ಹೊತ್ತಿಗೆ ತಿರುಗಿ ಬಂದರು. ಒಬ್ಬನ ಮನೆಯವರೇ ಊರು ಬಿಟ್ಟರು. ನಾಲ್ಕನೆಯವ ಗೌಡರ ಮೊಮ್ಮಗ. ಅವನನ್ನು ಆಳಂದದ ಶಾಲೆಗೆ ಹಾಕಿದರು. ಒಂದು ವರ್ಷ ಗುಟ್ಟು ಕಾಯ್ದವನು, ಸಾಹೇಬರ ಮುಂದೆ ಎದ್ದು ನಿಂತವನು. ಅವನಿಗೆ ನಾನು ಕಲಿಸಿದ್ದು ಎರಡು ತಿಂಗಳೂ ಇಲ್ಲ. ತಾಲೀಮ ಖಾತೆಯಿಂದ ಹೊಸದಾಗಿ ಬಂದ ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಆ ವರ್ಷ ಮುಗಿಯುವ ತನಕ ದಿನಾ ಗೈರಹಾಜರಿ ಬರೆದೆ. ಶಾಲೆ ಬಿಟ್ಟವರ ಹೆಸರು ಹೊಡೆದುಹಾಕಬೇಕು ಅಂತ ನಿಯಮ ಇತ್ತು. ನಾನು ಹೊಡೆಯಲಿಲ್ಲ.